ಹಳೆಯ ರಿವಾಲ್ವರ್: ಕೊಳ್ಳುವ ಮುನ್ನ ನೋಡಬೇಕಾದ್ದು, ಕೊಂಡ ಮೇಲೆ ಕಾಪಾಡಬೇಕಾದ್ದು

ರಿವಾಲ್ವರ್ ಲೈಸೆನ್ಸ್ ಸಿಕ್ಕವರು ಕೋವಿ ಅಂಗಡಿಗೆ ಹೋದಾಗ ಎದುರಾಗುವ ಮೊದಲ ಪ್ರಶ್ನೆ, ಹೊಸದೋ ಹಳೆಯದೋ ಎಂಬುದು. ಹೊಸದೇ ಬೇಕೆಂದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಗಳ .32 ಬೋರ್ ರಿವಾಲ್ವರ್‌ಗಳಿವೆ. 2014ರಲ್ಲಿ ಬಂದ, ಟೈಟಾನಿಯಂ ಮಿಶ್ರಲೋಹದ, ಸುಮಾರು ಅರ್ಧ ಕಿಲೋ ತೂಕದ ‘ನಿರ್ಭೀಕ್’ ಇದೆ. 2023ರಲ್ಲಿ ಬಿಡುಗಡೆಯಾದ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ‘ಪ್ರಬಲ್’ ಇದೆ. ಬೆಲೆ ಕೇಳಿದ ಮೇಲೆ ಬಹಳ ಮಂದಿ ಹಳೆಯದರ ಕಡೆ ತಿರುಗುತ್ತಾರೆ. ಇನ್ನು ಕೆಲವರಿಗೆ ಬೆಲೆಯ ಚಿಂತೆಯಿಲ್ಲ, ಆದರೆ ನಳಿಗೆಯ ಮೇಲೆ ಇಂಗ್ಲಿಷ್ ಕಂಪನಿಯ ‘ವೆಬ್ಲಿ ಅಂಡ್ ಸ್ಕಾಟ್, ಬರ್ಮಿಂಗ್‌ಹ್ಯಾಮ್’ ಎಂಬ ಅಕ್ಷರಗಳಿರಬೇಕು. ಮೂರನೆಯವರು ತಂದೆಯಿಂದಲೋ ಮಾವನಿಂದಲೋ ಬಂದ ರಿವಾಲ್ವರನ್ನು ಬೀರುವಿನಲ್ಲಿಟ್ಟುಕೊಂಡು, ಇದನ್ನು ಏನು ಮಾಡುವುದು ಎಂದು ತಿಳಿಯದೆ ಕೂತವರು.

ಹಳೆಯದು ಕೆಟ್ಟದ್ದೇನೂ ಅಲ್ಲ. ರಿವಾಲ್ವರ್ ಸರಳ ಯಂತ್ರ. ಒಳ್ಳೆಯ ಉಕ್ಕು, ಮಿತವಾದ ಬಳಕೆ, ತುಕ್ಕು ಹಿಡಿಯದಂತೆ ಆರೈಕೆ ಇದ್ದರೆ ಎರಡು ತಲೆಮಾರಿಗೆ ಬರುತ್ತದೆ. ಆದರೆ ಅದರ ಕಾಯಿಲೆಗಳು ಹೊರಗೆ ಕಾಣುವುದಿಲ್ಲ. ಮೇಲೆ ಹೊಸ ಬಣ್ಣ ಹಾಕಿಸಿ ಮಿರಮಿರ ಮಿಂಚುತ್ತಿರುವ ರಿವಾಲ್ವರಿನ ಸಿಲಿಂಡರ್ ನಳಿಗೆಗೆ ಸರಿಯಾಗಿ ಹೊಂದಿಕೊಳ್ಳದೇ ಇರಬಹುದು, ಹ್ಯಾಮರ್ ತಾನಾಗಿ ಜಾರಿ ಬೀಳುವ ಸ್ಥಿತಿಯಲ್ಲಿರಬಹುದು. ಆದ್ದರಿಂದ ಮೊದಲು ಕಾಗದ, ಆಮೇಲೆ ಕಬ್ಬಿಣ, ಕೊನೆಯಲ್ಲಿ ಬೆಲೆ. ಈ ಕ್ರಮವನ್ನು ತಲೆಕೆಳಗು ಮಾಡಿದವರೇ ತೊಂದರೆಗೆ ಸಿಕ್ಕಿಬೀಳುವುದು.

ಕಾಗದದ ಕೆಲಸ

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಇಲ್ಲಿ ಅನ್ವಯವಾಗುತ್ತವೆ. ಲೈಸೆನ್ಸ್ ಕೊಡುವವರು ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್. ಬೆಳೆ ರಕ್ಷಣೆಗೆಂದು ಒಂಟಿ ನಳಿಗೆ ಕೋವಿಗೆ ಕೊಟ್ಟ ಲೈಸೆನ್ಸಿನಲ್ಲಿ ರಿವಾಲ್ವರ್ ಕೊಳ್ಳಲು ಬರುವುದಿಲ್ಲ. ಯಾವ ಬಗೆಯ ಆಯುಧ, ಯಾವ ಬೋರ್ ಎಂಬುದು ಲೈಸೆನ್ಸ್ ಪುಸ್ತಕದಲ್ಲಿ ನಮೂದಾಗಿರಬೇಕು. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಮನೆಯಲ್ಲಿ ನಿಮ್ಮ ಹೆಸರಿಗೆ ಈಗಾಗಲೇ ಎರಡು ಕೋವಿಗಳಿದ್ದರೆ ಮೂರನೆಯದರ ಆಸೆ ಬಿಡಿ.

ಬೋರಿನ ವಿಚಾರ ಇನ್ನೂ ಮುಖ್ಯ. ಸಾಮಾನ್ಯ ನಾಗರಿಕರಿಗೆ ಸಿಗುವ ರಿವಾಲ್ವರ್ .32 ಅಥವಾ .22 ಬೋರಿನದು. ಹಳೆಯ ವೆಬ್ಲಿಗಳಲ್ಲಿ ಬಹಳಷ್ಟು .38 ಮತ್ತು .455 ಬೋರಿನವು, ಸೇನೆ ಮತ್ತು ಪೊಲೀಸರಿಗೆಂದು ತಯಾರಾದವು. ಅವು ನಿಷೇಧಿತ ಬೋರ್ ಪಟ್ಟಿಯಲ್ಲಿವೆ. ‘ಅಂಟಿಕ್ ಸಾರ್, ಯಾರೂ ಕೇಳಲ್ಲ’ ಎಂದು ಯಾರಾದರೂ .38 ತೋರಿಸಿದರೆ ಕೈಯಲ್ಲಿ ಹಿಡಿದು ನೋಡುವ ಕುತೂಹಲವೂ ಬೇಡ. ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡವರಿಗೆ ಜೈಲುಶಿಕ್ಷೆ ಇದೆ. 2019ರ ತಿದ್ದುಪಡಿ ಆ ಶಿಕ್ಷೆಗಳನ್ನು ಇನ್ನಷ್ಟು ಬಿಗಿ ಮಾಡಿದೆ.

ಮಾರುವವರು ಇಬ್ಬರೇ ಆಗಿರಲು ಸಾಧ್ಯ: ಲೈಸೆನ್ಸ್ ಇರುವ ಆರ್ಮ್ಸ್ ಡೀಲರ್, ಇಲ್ಲವೇ ಸ್ವಂತ ಬಳಕೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದ ಖಾಸಗಿ ವ್ಯಕ್ತಿ. ಖಾಸಗಿಯವರು ಮಾರುವಾಗ, ಯಾರಿಗೆ ಮಾರುತ್ತಿದ್ದೇನೆ ಎಂದು ಕೊಳ್ಳುವವರ ಹೆಸರು, ವಿಳಾಸ ಸಹಿತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಾಯಬೇಕು. ಕಾಯ್ದೆಯ 5ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ‘ಇವತ್ತು ತಗೊಂಡು ಹೋಗಿ, ಕಾಗದ ಆಮೇಲೆ ಮಾಡ್ಸೋಣ’ ಎನ್ನುವವರು ಸ್ನೇಹಿತರೇ ಆಗಿದ್ದರೂ ಒಪ್ಪಬೇಡಿ. ಆ 45 ದಿನಗಳಲ್ಲಿ ರಿವಾಲ್ವರ್ ಅವರ ಬಳಿಯೇ ಇರಲಿ. ಅಂಗಡಿಯ ಮೂಲಕ ಕೊಂಡರೆ ರಸೀದಿ, ಎರಡೂ ಕಡೆಯ ಲೈಸೆನ್ಸಿನಲ್ಲಿ ನಮೂದು, ಆಮೇಲೆ ಲೈಸೆನ್ಸ್ ಕೊಟ್ಟ ಕಚೇರಿಗೆ ಆಯುಧ ತೋರಿಸುವ ಕೆಲಸ ಎಲ್ಲವೂ ಸಲೀಸಾಗಿ ನಡೆಯುತ್ತವೆ. ಕಮಿಷನ್ ಹೋಗುತ್ತದೆಂದು ಲೆಕ್ಕ ಹಾಕಬೇಡಿ. ಮೊದಲ ಸಲ ಕೊಳ್ಳುವವರಿಗೆ ಅಂಗಡಿಯ ದಾರಿಯೇ ಒಳ್ಳೆಯದು.

ಈಗ ರಿವಾಲ್ವರ್ ಮೇಲಿನ ನಂಬರನ್ನೂ ಮಾರುವವರ ಲೈಸೆನ್ಸಿನಲ್ಲಿರುವ ನಂಬರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ಸಾಮಾನ್ಯವಾಗಿ ನಂಬರ್ ಚೌಕಟ್ಟಿನ ಮೇಲಿರುತ್ತದೆ. ಎಷ್ಟೋ ರಿವಾಲ್ವರ್‌ಗಳಲ್ಲಿ ನಳಿಗೆ ಮತ್ತು ಸಿಲಿಂಡರ್ ಮೇಲೂ ಅದೇ ನಂಬರ್ ಒತ್ತಿರುತ್ತಾರೆ. ಮೂರೂ ಒಂದೇ ಆಗಿದ್ದರೆ ರಿವಾಲ್ವರ್ ಕಾರ್ಖಾನೆಯಿಂದ ಬಂದಂತೆಯೇ ಇದೆ ಎಂದರ್ಥ. ಸಿಲಿಂಡರ್ ನಂಬರ್ ಬೇರೆಯಾಗಿದ್ದರೆ ಎಲ್ಲಿಂದಲೋ ತಂದು ಕೂರಿಸಿದ್ದಾರೆ. ನಂಬರ್ ಉಜ್ಜಿ ಹೋಗಿದ್ದರೆ, ಮೇಲೆ ಮತ್ತೊಮ್ಮೆ ಕೊರೆದಂತೆ ಕಂಡರೆ ಅಲ್ಲಿಗೇ ವ್ಯವಹಾರ ಮುಗಿಸಿ. ಗುರುತಿನ ಅಂಕಿ ಅಳಿಸುವುದು, ತಿದ್ದುವುದು, ಅಂಥದ್ದನ್ನು ಮಾರುವುದು 8ನೇ ಕಲಮಿನ ಪ್ರಕಾರ ನಿಷಿದ್ಧ. ಹಳೆಯ ಲೈಸೆನ್ಸ್ ಪುಸ್ತಕಗಳಲ್ಲಿ ಗುಮಾಸ್ತರು ಕೈಯಲ್ಲಿ ಬರೆದ 1 ಮತ್ತು 7, 3 ಮತ್ತು 8 ಅದಲುಬದಲಾದ ಉದಾಹರಣೆಗಳಿವೆ. ಅಂಥದ್ದನ್ನು ಮಾರುವವರೇ ಕಚೇರಿಯಲ್ಲಿ ತಿದ್ದಿಸಿ ಕೊಡಲಿ, ನೀವು ಹೊತ್ತುಕೊಳ್ಳಬೇಡಿ.

ಯಾವುದು ಯಾರದು

1980ರ ದಶಕದ ಮಧ್ಯಭಾಗದಲ್ಲಿ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕುಗಳ ಆಮದು ನಿಂತುಹೋಯಿತು. ಅಲ್ಲಿಂದೀಚೆಗೆ ದೇಶದಲ್ಲಿರುವ ವೆಬ್ಲಿ, ಸ್ಮಿತ್ ಅಂಡ್ ವೆಸನ್, ಕೋಲ್ಟ್ ರಿವಾಲ್ವರ್‌ಗಳು ಬಹುಮಟ್ಟಿಗೆ ಕೈಯಿಂದ ಕೈಗೆ ಹೋಗುತ್ತಿರುವವು. ಹೊರದೇಶದಿಂದ ಹೊಸದು ಬರುವುದಿಲ್ಲ, ಇರುವುದು ಸವೆಯುತ್ತಿದೆ, ಆದ್ದರಿಂದ ಬೆಲೆ ಮಾತ್ರ ಏರುತ್ತಿದೆ. ವಿದೇಶಗಳಲ್ಲಿ ಅಗ್ಗಕ್ಕೆ ಸಿಗುವ ರಿವಾಲ್ವರ್‌ಗೆ ಇಲ್ಲಿ ಹತ್ತಾರು ಪಟ್ಟು ಕೊಡುವವರಿದ್ದಾರೆ. ಆ ಬೆಲೆ ಉಕ್ಕಿಗಲ್ಲ, ಹೆಸರಿಗೆ.

ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ವೆಬ್ಲಿಯ ನಾಲ್ಕನೇ ಮಾರ್ಕ್ ವಿನ್ಯಾಸದ ಮೊಮ್ಮಗುವೇ. ಹಿಂಬದಿಯ ಚಿಲಕ ಒತ್ತಿದರೆ ನಳಿಗೆ ಕೆಳಕ್ಕೆ ಬಾಗುತ್ತದೆ, ಆರು ಕಾಡತೂಸುಗಳನ್ನೂ ನಕ್ಷತ್ರಾಕಾರದ ಎತ್ತುಗ ಒಟ್ಟಿಗೇ ಮೇಲೆತ್ತುತ್ತದೆ. ಬಿಡಿಭಾಗ ಸಿಗುತ್ತದೆ, ರಿಪೇರಿಯವರಿಗೆ ಅದರ ಹೊಟ್ಟೆಯ ಒಳಗು ಗೊತ್ತು. ನನ್ನನ್ನು ಕೇಳಿದರೆ, ಸವೆದ ವೆಬ್ಲಿಗಿಂತ ಕಡಿಮೆ ಬಳಸಿದ ಕಾನ್ಪುರದ ರಿವಾಲ್ವರ್ ಎಷ್ಟೋ ಮೇಲು. ಇದನ್ನು ಹೇಳಿದರೆ ಹಳೆಯ ಬಂದೂಕು ಪ್ರಿಯರಿಗೆ ಬೇಸರವಾಗುತ್ತದೆ. ಆದರೆ ಮುರಿದ ಸ್ಪ್ರಿಂಗಿಗಾಗಿ ವರ್ಷಗಟ್ಟಲೆ ಹುಡುಕಾಡುವ ಕಷ್ಟ ಕೊಂಡವರಿಗೇ ಗೊತ್ತಾಗುವುದು.

ವೆಬ್ಲಿಯೇ ಬೇಕೆಂದವರು ನಕಲಿಯ ಬಗ್ಗೆ ಎಚ್ಚರವಾಗಿರಬೇಕು. ಅವಿಭಜಿತ ಭಾರತದ ವಾಯವ್ಯ ಗಡಿಯ ದರ್ರಾ ಆದಮ್ ಖೇಲ್ ಊರಿನ ಕಮ್ಮಾರರು ಕೈಯಿಂದಲೇ ವೆಬ್ಲಿಗಳನ್ನು ತಯಾರಿಸುವುದರಲ್ಲಿ ಹೆಸರಾದವರು. ಹೊರನೋಟಕ್ಕೆ ಪಡಿಯಚ್ಚು. ಆದರೆ ಇಂಗ್ಲಿಷ್ ಓದಲು ಬಾರದವರು ಒತ್ತಿದ ಅಕ್ಷರಗಳಲ್ಲಿ ಕಾಗುಣಿತ ತಪ್ಪಿರುತ್ತದೆ, ‘ಎನ್’ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ, ಉಕ್ಕು ಯಾವುದೆಂದು ದೇವರಿಗೇ ಗೊತ್ತು. ಅಸಲಿ ಇಂಗ್ಲಿಷ್ ರಿವಾಲ್ವರ್ ಮೇಲೆ ಪ್ರೂಫ್ ಹೌಸಿನ ಮುದ್ರೆಗಳಿರುತ್ತವೆ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಲ್ಲಿ ಸ್ಥಾಪನೆಯಾದದ್ದು. ಮಾಮೂಲಿಗಿಂತ ಹೆಚ್ಚಿನ ಮದ್ದು ತುಂಬಿ ಹೊಡೆದು ನೋಡಿ, ತಡೆದುಕೊಂಡ ಬಂದೂಕಿಗೆ ಮಾತ್ರ ಮುದ್ರೆ ಒತ್ತುತ್ತಾರೆ. ಕಿರೀಟದ ಗುರುತಿನ ಜೊತೆಗೆ ‘ಎನ್‌ಪಿ’ ಅಕ್ಷರಗಳಿದ್ದರೆ ಅದು ಹೊಗೆರಹಿತ ಮದ್ದಿಗೆ ಪರೀಕ್ಷೆಯಾದದ್ದು ಎಂದು ತಿಳಿಯಬೇಕು.

ಹೊಗೆರಹಿತ ಮದ್ದಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 19ನೇ ಶತಮಾನದ ಕೊನೆಯ ತನಕ ತಯಾರಾದ ಪುಟ್ಟ ಅಮೆರಿಕನ್ ಮತ್ತು ಯುರೋಪಿಯನ್ ರಿವಾಲ್ವರ್‌ಗಳು ಕರಿಮದ್ದಿಗೆಂದು ಮಾಡಿದವು. ಇಂದಿನ ಕಾಡತೂಸನ್ನು ಅವುಗಳಲ್ಲಿ ಹಾರಿಸಬಾರದು. ಇನ್ನೊಂದು ಗೊಂದಲ .32 ಎಂಬ ಹೆಸರಿನಲ್ಲೇ ಇದೆ. 1878ರಲ್ಲಿ ಬಂದ .32 ಸ್ಮಿತ್ ಅಂಡ್ ವೆಸನ್ ಕಾಡತೂಸು ಗಿಡ್ಡ. 1896ರಲ್ಲಿ ಬಂದ ‘ಲಾಂಗ್’ ಉದ್ದ. ಈಗ ನಮ್ಮಲ್ಲಿ ಮಾರಾಟವಾಗುವುದು ಲಾಂಗ್. ಅದು ಗಿಡ್ಡ ಕಾಡತೂಸಿನ ರಿವಾಲ್ವರಿನೊಳಗೆ ಪೂರ್ತಿ ಕೂರುವುದಿಲ್ಲ. ಕೂರಲಿ ಎಂದು ಸಿಲಿಂಡರಿನ ತೂತುಗಳನ್ನು ಲೇಥಿನಲ್ಲಿ ಕೊರೆಸಿದವರಿದ್ದಾರೆ. ಅಂಥ ರಿವಾಲ್ವರ್ ಕೈಯಲ್ಲೇ ಸಿಡಿಯಬಹುದು. ಪಿಸ್ತೂಲಿನ .32 ಕಾಡತೂಸು ಬೇರೆಯೇ ಜಾತಿ. ನಳಿಗೆಯ ಮೇಲೆ ಏನು ಬರೆದಿದೆಯೋ ಅದೇ ಕಾಡತೂಸು, ಬೇರೆ ಯಾವುದೂ ಅಲ್ಲ.

ಅಂಗಡಿಯ ಮೇಜಿನ ಮೇಲೆ

ರಿವಾಲ್ವರ್ ಕೈಗೆ ಬಂದ ಕೂಡಲೇ ಸಿಲಿಂಡರ್ ತೆರೆದು ಕಾಡತೂಸು ಕೂರುವ ಆರೂ ಮನೆ ಖಾಲಿ ಇವೆಯೇ ನೋಡಿ, ಬೆರಳು ತೂರಿಸಿ ಮುಟ್ಟಿ ಖಚಿತ ಮಾಡಿಕೊಳ್ಳಿ. ಅಂಗಡಿಯವರು ಈಗಷ್ಟೇ ನೋಡಿದರೂ ಸರಿ, ನೀವೂ ನೋಡಬೇಕು. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಿರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ. ಹೀಗೆ ನೋಡಿದರೆ ಅಂಗಡಿಯವರು ಬೇಸರಿಸುವುದಿಲ್ಲ, ಗೌರವ ಕೊಡುತ್ತಾರೆ.

ಹೊರಮೈಯಿಂದ ಶುರು ಮಾಡಿ. ಒತ್ತಿದ ಅಕ್ಷರಗಳ ಅಂಚು ಚೂಪಾಗಿದೆಯೇ ಮಸುಕಾಗಿದೆಯೇ? ಸ್ಕ್ರೂ ತೂತಿನ ಸುತ್ತ ಉಕ್ಕು ತಟ್ಟೆಯಂತೆ ತಗ್ಗಿದೆಯೇ? ಮಸುಕಾದ ಅಕ್ಷರ, ತಗ್ಗಿದ ತೂತು ಎರಡೂ ಮಸಗಲ್ಲಿನಲ್ಲಿ ಉಜ್ಜಿ ಹೊಸ ನೀಲಿ ಬಣ್ಣ ಹಾಕಿದ್ದರ ಗುರುತು. ಬಣ್ಣ ಹಾಕಿಸುವುದೇನೂ ಮೋಸವಲ್ಲ, ಆದರೆ ಕೆಳಗೆ ತುಕ್ಕಿನ ಗುಳಿಗಳಿದ್ದಿರಬಹುದು ಎಂಬುದನ್ನು ಅದು ಹೇಳುತ್ತದೆ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಗೊತ್ತಿಲ್ಲದವರು ಒಳಗೆ ಕೈಹಾಕಿದ್ದಾರೆ.

ಬಳಿಕ ನಳಿಗೆ. ರಿವಾಲ್ವರ್ ತೆರೆದಿಟ್ಟು, ನಳಿಗೆಯ ಹಿಂಬದಿಗೆ ಒಂದು ಬಿಳಿ ಕಾಗದ ಹಿಡಿದು, ಅದರ ಮೇಲೆ ಮೊಬೈಲ್ ಟಾರ್ಚಿನ ಬೆಳಕು ಬೀಳಿಸಿ, ಮುಂದಿನಿಂದ ಒಳಗೆ ನೋಡಿ. ಸುರುಳಿ ಗೆರೆಗಳು ಚೊಕ್ಕವಾಗಿ ಕಾಣಬೇಕು. ಅಲ್ಲಲ್ಲಿ ಕಪ್ಪು ಚುಕ್ಕೆಗಳಿದ್ದರೆ ತುಕ್ಕಿನ ಗುಳಿ. ಸ್ವಲ್ಪ ಇದ್ದರೆ ಬೆಲೆ ಇಳಿಸಿ, ಬಹಳ ಇದ್ದರೆ ಬಿಡಿ. ಒಳಗೆ ಉಂಗುರದಂತೆ ಒಂದು ಕಪ್ಪು ನೆರಳು ಕಂಡರೆ ಅದು ಬೇರೆ ಸಂಗತಿ: ಒಂದು ಗುಂಡು ಒಳಗೆ ಸಿಕ್ಕಿಕೊಂಡಿದ್ದಾಗ ಹಿಂದಿನಿಂದ ಇನ್ನೊಂದನ್ನು ಹಾರಿಸಿ ನಳಿಗೆ ಉಬ್ಬಿದೆ. ಹೊರಗೆ ಬೆರಳಾಡಿಸಿದರೆ ಆ ಉಬ್ಬು ಕೈಗೂ ತಾಗಬಹುದು. ಅಂಥದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಈಗ ಯಂತ್ರ. ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಹಳೆಯ ರಿವಾಲ್ವರಿನ ಜೀವ ಇರುವುದೇ ಇಲ್ಲಿ. ಖಾಲಿ ಸಿಲಿಂಡರನ್ನು ಮುಚ್ಚಿ, ಎಡಗೈ ಹೆಬ್ಬೆರಳನ್ನು ಸಿಲಿಂಡರಿಗೆ ಹಗುರವಾಗಿ ತಾಗಿಸಿ ತುಸು ತಡೆ ಕೊಡಿ. ಬಲಗೈ ಹೆಬ್ಬೆರಳಿಂದ ಹ್ಯಾಮರನ್ನು ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದಕ್ಕೆ ಹೋಗಿ ನಿಲ್ಲುವ ವೇಳೆಗೆ ಸಿಲಿಂಡರ್ ‘ಟಿಕ್’ ಎಂದು ತನ್ನ ಕಚ್ಚಿನಲ್ಲಿ ಕೂತಿರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿನಿಂದ ಒಂದಿಷ್ಟು ತಿರುಗಿಸಿದರೆ ಮಾತ್ರ ಕೂರುವುದಾದರೆ ಟೈಮಿಂಗ್ ಹೋಗಿದೆ. ಗುಂಡು ನಳಿಗೆಯ ನೇರಕ್ಕೆ ಬರುವುದಿಲ್ಲ. ಅಂಚಿಗೆ ತಾಗಿ ಸೀಸ ಸಿಡಿದು ಪಕ್ಕದಲ್ಲಿದ್ದವರ ಮುಖಕ್ಕೆ ಹಾರುತ್ತದೆ. ಆರೂ ಮನೆಗಳಿಗೂ ಹೀಗೇ ನೋಡಿ. ಐದು ಸರಿಯಾಗಿದ್ದು ಒಂದು ಮಾತ್ರ ತಪ್ಪುವುದು ಸಾಮಾನ್ಯ, ಅವಸರದವರಿಗೆ ತಪ್ಪಿಹೋಗುವುದೂ ಅದೇ.

ಹ್ಯಾಮರ್ ಹಿಂದಕ್ಕೆ ನಿಂತಿರುವಾಗ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿಂದ ಅದನ್ನು ಮುಂದಕ್ಕೆ ಮೆಲ್ಲಗೆ ನೂಕಿ. ಕದಲಬಾರದು. ಜಾರಿ ಬಿದ್ದರೆ ಒಳಗಿನ ಕಚ್ಚು ಸವೆದಿದೆ, ಅಥವಾ ಟ್ರಿಗರ್ ಹಗುರವಾಗಲಿ ಎಂದು ಯಾರೋ ಅರ ಹಾಕಿದ್ದಾರೆ. ಇದು ಅಪಾಯದ ರಿವಾಲ್ವರ್. ರಿಪೇರಿ ಮಾಡಿಸಿ ಕೊಡುತ್ತೇನೆ ಎಂದರೂ ನಾನಾದರೆ ಕೊಳ್ಳುವುದಿಲ್ಲ.

ನಳಿಗೆಗೂ ಸಿಲಿಂಡರಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು, ಇಲ್ಲದಿದ್ದರೆ ಸಿಲಿಂಡರ್ ತಿರುಗುವುದಿಲ್ಲ. ಸುಮಾರು 0.1ರಿಂದ 0.25 ಮಿಲಿಮೀಟರ್ ತನಕ ಸರಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಕೂರಿಸಲು ಬಳಸುವ ಫೀಲರ್ ಗೇಜ್ ಇದ್ದರೆ ಅಳೆದುಬಿಡಬಹುದು. ಇಲ್ಲವಾದರೆ ಜೆರಾಕ್ಸ್ ಕಾಗದ ಸಾಕು. ಒಂದು ಹಾಳೆ ಹೆಚ್ಚುಕಡಿಮೆ 0.1 ಮಿಲಿಮೀಟರ್ ದಪ್ಪ. ಮೂರು ಹಾಳೆ ಒಟ್ಟಿಗೆ ಸರಾಗವಾಗಿ ನುಗ್ಗಿದರೆ ಸಂದು ಅತಿಯಾಯಿತು. ಸಿಲಿಂಡರನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿದಾಗ ಲಟಲಟ ಎಂದರೂ ಅಷ್ಟೇ. ನಳಿಗೆ ಕೆಳಕ್ಕೆ ಬಾಗುವ, ಮಡಚುವ ಬಗೆಯ ರಿವಾಲ್ವರಿನಲ್ಲಿ ಇನ್ನೂ ಒಂದು ಜಾಗ ಇದೆ: ನಳಿಗೆಯನ್ನು ಒಂದು ಕೈಯಲ್ಲಿ, ಹಿಡಿಯನ್ನು ಇನ್ನೊಂದರಲ್ಲಿ ಹಿಡಿದು ಮೇಲೆ ಕೆಳಗೆ, ಪಕ್ಕಕ್ಕೆ ಅಲುಗಾಡಿಸಿ. ಕೀಲಿನಲ್ಲೋ ಚಿಲಕದಲ್ಲೋ ಸಡಿಲ ಕಂಡರೆ ಅದು ಬಹಳ ಗುಂಡು ಹಾರಿಸಿ ದಣಿದದ್ದು.

ಇಷ್ಟೂ ಪಾಸಾದರೆ ಹಾರಿಸಿ ನೋಡುವುದು ಉಳಿಯಿತು. ಮನೆ ಹಿತ್ತಲು, ತೋಟ, ಕೆರೆಯ ಏರಿ ಇದಕ್ಕೆ ಜಾಗವಲ್ಲ. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ, ತಿಳಿದವರ ಎದುರಿನಲ್ಲಿ, ಕಿವಿಗೆ ಮುಚ್ಚಳ ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡುವ ಕೆಲಸ ಅದು. ಸಿಲಿಂಡರಿನ ಸಂದಿನಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ರೈಫಲ್ ಹಿಡಿದಂತೆ ಎಡಗೈ ಬೆರಳುಗಳನ್ನು ಮುಂದಕ್ಕೆ ಚಾಚಿ ಹಿಡಿದರೆ ಸುಟ್ಟು ಸೀಳಿಹೋಗುತ್ತವೆ. ಎರಡೂ ಕೈ ಹಿಡಿಯ ಮೇಲೇ ಇರಲಿ.

ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆಯಬೇಡಿ. ಕೆಲವು ಹಳೆಯ ಕಾಡತೂಸುಗಳು ತಡವಾಗಿ ಹೊತ್ತಿಕೊಳ್ಳುತ್ತವೆ. ಮತ್ತೆ ಎಳೆದರೆ ಸಿಲಿಂಡರ್ ತಿರುಗಿ, ಹೊತ್ತಲಿರುವ ಕಾಡತೂಸು ನಳಿಗೆಯ ನೇರದಿಂದ ಆಚೆಗೆ ಹೋಗಿ, ಅಲ್ಲೇ ಸಿಡಿಯಬಹುದು. ಗುರಿಯ ದಿಕ್ಕಿಗೇ ಹಿಡಿದು ಅರ್ಧ ನಿಮಿಷಕ್ಕೂ ಮಿಕ್ಕಿ ಕಾದು ಆಮೇಲೆ ತೆರೆಯಿರಿ. ‘ಢಂ’ ಎನ್ನುವ ಬದಲು ‘ಪುಸ್’ ಎಂದು ಸದ್ದು ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅಲ್ಲಿಗೆ ನಿಲ್ಲಿಸಿ, ತೆರೆದು, ಖಾಲಿ ಮಾಡಿ, ನಳಿಗೆ ನೋಡಿ. ಉಬ್ಬಿದ ನಳಿಗೆಗಳೆಲ್ಲ ಆ ‘ಪುಸ್’ ಕೇಳಿಸಿಕೊಳ್ಳದವರ ಕೊಡುಗೆ.

ಮಳೆಗಾಲ, ಚರ್ಮದ ಚೀಲ, ಆಯುಧಪೂಜೆ

ಕೊಂಡ ಮೇಲೆ ನಿಮ್ಮ ಶತ್ರು ತೇವ. ಕಾರವಾರದಿಂದ ಮಂಗಳೂರಿನ ತನಕದ ಉಪ್ಪುಗಾಳಿಯಲ್ಲಿ, ಆಗುಂಬೆ–ಮಡಿಕೇರಿಯ ಜಡಿಮಳೆಯಲ್ಲಿ ಒಣಬಟ್ಟೆಯೇ ಸಿಗದ ತಿಂಗಳುಗಳಲ್ಲಿ ಉಕ್ಕು ಸುಮ್ಮನಿರುವುದಿಲ್ಲ. ಬಯಲುಸೀಮೆಯವರು ತಿಂಗಳಿಗೊಮ್ಮೆ ನೋಡಿದರೆ ನಡೆಯುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರಗೆ ತೆಗೆದು ಒರೆಸಿ ಎಣ್ಣೆ ಕೈ ಆಡಿಸಬೇಕು.

ಬಹಳ ಜನ ಮಾಡುವ ತಪ್ಪೆಂದರೆ ರಿವಾಲ್ವರನ್ನು ಚರ್ಮದ ಹೋಲ್ಸ್ಟರಿನಲ್ಲೇ ಬೀರುವಿಗೆ ಸೇರಿಸುವುದು. ಚರ್ಮ ತೇವ ಹೀರುತ್ತದೆ, ಹದ ಮಾಡಲು ಬಳಸಿದ ರಾಸಾಯನಿಕಗಳು ಅದರಲ್ಲಿ ಉಳಿದಿರುತ್ತವೆ. ಚೀಲ ತಾಗಿದ ಜಾಗದಲ್ಲೆಲ್ಲ ತುಕ್ಕು, ಹಿತ್ತಾಳೆ ಕಾಡತೂಸಿನ ಮೇಲೆ ಹಸಿರು ಕಿಲುಬು. ಚೀಲ ಬೇರೆ ಇಡಿ, ರಿವಾಲ್ವರನ್ನು ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ಆಯುಧಪೂಜೆಯ ದಿನ ಕೋವಿಗೆ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸುವುದು ನಮ್ಮ ಮನೆಗಳ ಪದ್ಧತಿ, ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ನೀರಿನಲ್ಲಿ ಕಲಸಿದ ಕುಂಕುಮ, ಒದ್ದೆ ಸೇವಂತಿಗೆ, ಹೋಳು ಮಾಡಿದ ನಿಂಬೆಹಣ್ಣಿನ ರಸ ಮೂರೂ ನೀಲಿ ಬಣ್ಣದ ಉಕ್ಕನ್ನು ತಿನ್ನುತ್ತವೆ. ನಿಂಬೆರಸ ಹುಳಿ, ಒಂದೇ ರಾತ್ರಿಯಲ್ಲಿ ಬಿಳಿಚುಕ್ಕೆ ಬೀಳಿಸುತ್ತದೆ. ಹಿಡಿಯ ಮರದ ಮೇಲೆ ಒಣ ಕುಂಕುಮದ ಬೊಟ್ಟಿಟ್ಟು, ಹೂವನ್ನು ಕೆಳಗೆ ಹಾಸಿದ ಬಟ್ಟೆಯ ಮೇಲಿಟ್ಟು, ಸಂಜೆಯೇ ಒರೆಸಿ ಎಣ್ಣೆ ಹಚ್ಚಿ ಒಳಗಿಡಿ. ಪೂಜೆಗೆ ಇಡುವಾಗಲೂ ಖಾಲಿ ಇರಲಿ; ಮನೆಯ ಮಕ್ಕಳು ಸುತ್ತ ಕೂತಿರುವ ದಿನ ಅದು.

ಗುಂಡು ಹಾರಿಸಿದ ದಿನವೇ ಶುಚಿ ಮಾಡಬೇಕು. ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿಟ್ಟು, ಕಿಟಕಿ ತೆರೆದು ಕೂರಿ. ನಳಿಗೆಗೂ ಆರು ಮನೆಗಳಿಗೂ ಸಾಲ್ವೆಂಟ್ ಹಚ್ಚಿದ ಹಿತ್ತಾಳೆ ಬ್ರಷ್ ಆಡಿಸಿ, ಹಳೆಯ ಬನಿಯನ್ನಿನ ಚೂರುಗಳಿಂದ ಬಿಳಿಯ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಒರೆಸಿ. ನಕ್ಷತ್ರಾಕಾರದ ಎತ್ತುಗವನ್ನು ಮೇಲೆತ್ತಿ ಅದರ ಕೆಳಗೆ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸುವುದನ್ನು ಮರೆಯಬೇಡಿ. ಸುಡದೆ ಉಳಿದ ಮದ್ದಿನ ಎರಡೇ ಕಣ ಅಲ್ಲಿ ಕೂತರೂ ರಿವಾಲ್ವರ್ ಮುಚ್ಚಿಕೊಳ್ಳುವುದಿಲ್ಲ, ಸಿಲಿಂಡರ್ ಬಿಗಿಯಾಗುತ್ತದೆ. ಎಷ್ಟೋ ಜನ ಇದನ್ನೇ ದೊಡ್ಡ ದೋಷವೆಂದು ರಿಪೇರಿಗೆ ಒಯ್ಯುತ್ತಾರೆ. ನಿಕ್ಕಲ್ ಲೇಪನದ ರಿವಾಲ್ವರಿಗೆ ಅಮೋನಿಯಾ ಇರುವ ಸಾಲ್ವೆಂಟ್ ಬೇಡ, ಲೇಪನ ಎದ್ದುಬರುತ್ತದೆ. ಬಹಳ ಹಳೆಯ ಕಾಡತೂಸುಗಳ ಕೇಪಿನಲ್ಲಿದ್ದ ರಾಸಾಯನಿಕ ಸುಟ್ಟ ಮೇಲೆ ಉಪ್ಪಿನಂಥ ಶೇಷ ಬಿಡುತ್ತದೆ, ಅದು ಎಣ್ಣೆಯಲ್ಲಿ ಕರಗುವುದಿಲ್ಲ. ಅಂಥವನ್ನು ಹಾರಿಸಿದ್ದರೆ ನಳಿಗೆಗೆ ಬಿಸಿನೀರು ಸುರಿದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

ಎಣ್ಣೆ ಯಾವುದು? ಬಂದೂಕಿನ ಎಣ್ಣೆ ಸಿಕ್ಕರೆ ಅದೇ, ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ. ಕೊಬ್ಬರಿ ಎಣ್ಣೆ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಯಾವ ಎಣ್ಣೆಯಾದರೂ ಹನಿಗಳ ಲೆಕ್ಕ. ಸುರಿದ ಎಣ್ಣೆ ಧೂಳು ಹಿಡಿಯುತ್ತದೆ, ಕಾಡತೂಸಿನ ಕೇಪಿನೊಳಗೆ ಇಳಿದು ಅದನ್ನು ಕೊಲ್ಲುತ್ತದೆ. ಹಾರಿಸುವ ಮುನ್ನ ನಳಿಗೆ ಮತ್ತು ಮನೆಗಳನ್ನು ಒಣಬಟ್ಟೆಯಲ್ಲಿ ಒರೆಸಿರಬೇಕು. ಎಲ್ಲ ಮುಗಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ. ಆ ಮಸಿಯಲ್ಲಿ ಸೀಸ ಇದೆ. ಊಟದ ಮೇಜಿನ ಮೇಲೆ ಈ ಕೆಲಸ ಮಾಡಬಾರದು ಎನ್ನುವುದೂ ಅದಕ್ಕೇ.

ಸಿನಿಮಾದಲ್ಲಿ ಮಾಡುವಂತೆ ಮಣಿಕಟ್ಟು ಝಾಡಿಸಿ ರಿವಾಲ್ವರ್ ಮುಚ್ಚಬೇಡಿ. ಕೀಲು, ಚಿಲಕ ಎರಡೂ ಅದರಿಂದಲೇ ಬಾಗುವುದು. ಖಾಲಿ ರಿವಾಲ್ವರಿನ ಟ್ರಿಗರನ್ನು ಸುಮ್ಮನೆ ಟಕ್‌ಟಕ್ ಎಳೆಯುವುದರಿಂದ ಹ್ಯಾಮರಿನ ಮೂತಿಯ ಮೊಳೆ ಮುರಿಯಬಹುದು. ಅಭ್ಯಾಸಕ್ಕೆ ಬೇಕೆಂದರೆ ಡಮ್ಮಿ ಕಾಡತೂಸು ಹಾಕಿ. ಪಕ್ಕದ ತಗಡು ಬಿಚ್ಚಿ ಸ್ಪ್ರಿಂಗ್ ತೆಗೆಯುವ ಸಾಹಸ ಬೇಡವೇ ಬೇಡ. ರಿಪೇರಿಗೂ ಲೈಸೆನ್ಸ್ ಬೇಕು. ವೆಲ್ಡಿಂಗ್ ಅಂಗಡಿಯವರ ಕೈಗೆ ರಿವಾಲ್ವರ್ ಕೊಟ್ಟರೆ ನೀವೂ ಅವರೂ ಇಬ್ಬರೂ ಕಾನೂನು ಮುರಿದಂತೆ.

ಬೀಗದ ಮಾತು

ಹಳೆಯ ವಿನ್ಯಾಸದ ಬಹಳಷ್ಟು ರಿವಾಲ್ವರ್‌ಗಳಲ್ಲಿ ಇಂದಿನ ರಕ್ಷಣಾ ತಡೆಗಳಿಲ್ಲ. ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟಾದರೆ ಗುಂಡು ಹಾರಬಹುದು. ಅದಕ್ಕೇ ಹಿಂದಿನವರು ಹ್ಯಾಮರಿನ ಕೆಳಗಿನ ಮನೆಯನ್ನು ಖಾಲಿ ಬಿಟ್ಟು ಐದೇ ತುಂಬುತ್ತಿದ್ದರು. ನಿಮ್ಮ ರಿವಾಲ್ವರಿನಲ್ಲಿ ತಡೆ ಇದೆಯೋ ಇಲ್ಲವೋ ಖಚಿತವಿಲ್ಲದಿದ್ದರೆ ನೀವೂ ಹಾಗೇ ಮಾಡಿ. ಮನೆಯಲ್ಲಿರುವಾಗ ಪೂರ್ತಿ ಖಾಲಿ. ಗೋಡೆಗೋ ನೆಲಕ್ಕೋ ಬೋಲ್ಟ್ ಮಾಡಿದ ಕಬ್ಬಿಣದ ಪೆಟ್ಟಿಗೆಯಲ್ಲಿ ರಿವಾಲ್ವರ್, ಬೇರೆ ಬೀಗದಲ್ಲಿ ಕಾಡತೂಸು, ಬೀಗದಕೈ ನಿಮ್ಮ ಬಳಿ. ದಿಂಬಿನ ಕೆಳಗೆ, ಸೀರೆಗಳ ನಡುವೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡುವುದು ಇಡುವುದಲ್ಲ. ಮಕ್ಕಳಿಗೆ ತಿಳಿಯದ ಜಾಗ ಮನೆಯಲ್ಲಿ ಇರುವುದಿಲ್ಲ.

ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಕುಡಿತ ಮಿತಿಮೀರಿದ್ದರೆ, ಜಗಳ ಕೈಮೀರುತ್ತಿದ್ದರೆ, ಬೀಗವೂ ಸಾಲದು. ರಿವಾಲ್ವರನ್ನು ಆರ್ಮ್ಸ್ ಡೀಲರ್ ಬಳಿ ಅಥವಾ ಠಾಣೆಯಲ್ಲಿ ಠೇವಣಿ ಇಡಿ. ಕಷ್ಟದ ಗಳಿಗೆ ಕಳೆದುಹೋಗುತ್ತದೆ, ಆ ಗಳಿಗೆಯಲ್ಲಿ ಬಂದೂಕು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಮಾತಾಡಲು ಬೇಕಾದವರಿಗೆ ಟೆಲಿ ಮನಸ್ ಸಹಾಯವಾಣಿ 14416 ಹಗಲುರಾತ್ರಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಮದುವೆ ದಿಬ್ಬಣ, ಗೆಲುವಿನ ಮೆರವಣಿಗೆಗಳಲ್ಲಿ ಆಕಾಶಕ್ಕೆ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಕೆಳಗೆ ಬರುತ್ತದೆ, ಅಷ್ಟೇ ವಿಷಯ.

ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಜಿಲ್ಲೆಗಳಲ್ಲಿ ಹೊರಡುತ್ತದೆ. ಬೆಳೆ ಕಾಯಲು ಕೋವಿ ಬೇಕಾದ ರೈತರು ವಿನಾಯಿತಿ ಕೇಳುವುದುಂಟು. ಅದನ್ನು ಜಿಲ್ಲೆಯ ಪರಿಶೀಲನಾ ಸಮಿತಿ ನೋಡುತ್ತದೆ. ಠೇವಣಿ ಇಡುವ ಹಿಂದಿನ ದಿನ ಶುಚಿ ಮಾಡಿ, ಎಣ್ಣೆ ತುಸು ಧಾರಾಳವಾಗಿಯೇ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಹೆಸರು ಮತ್ತು ನಂಬರಿನ ಚೀಟಿ ಕಟ್ಟಿ ಕೊಡಿ. ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದ್ದಾರೆಯೇ ಅಲ್ಲೇ ಓದಿ ನೋಡಿ. ವಾಪಸ್ ತಂದ ದಿನವೇ ಬಿಚ್ಚಿ ಒರೆಸಿ, ಏಕೆಂದರೆ ಠಾಣೆಯ ಕೊಠಡಿಯಲ್ಲಿ ನೂರಾರು ಕೋವಿಗಳ ನಡುವೆ ಅದು ತಿಂಗಳುಗಟ್ಟಲೆ ಯಾರೂ ಒರೆಸದೆ ಇದ್ದಿರುತ್ತದೆ.

ಲೈಸೆನ್ಸ್ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಕೆಲವು ತಿಂಗಳ ಮೊದಲೇ ಅರ್ಜಿ ಹಾಕಿ. ಅವಧಿ ಮುಗಿದ ಲೈಸೆನ್ಸಿನ ರಿವಾಲ್ವರ್ ಕಾನೂನಿನ ಕಣ್ಣಿಗೆ ಲೈಸೆನ್ಸಿಲ್ಲದ ರಿವಾಲ್ವರೇ. ಮುಖ್ಯವಾಗಿ, ಇವತ್ತೇ ಮನೆಯವರನ್ನು ಕೂರಿಸಿಕೊಂಡು ಒಂದು ವಿಷಯ ಹೇಳಿಡಿ: ಲೈಸೆನ್ಸ್ ಹೊಂದಿದವರು ತೀರಿಹೋದರೆ ರಿವಾಲ್ವರನ್ನು ಬೀರುವಿನಲ್ಲೇ ಇಟ್ಟುಕೊಳ್ಳುವಂತಿಲ್ಲ, ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು, ವಾರಸುದಾರರಿಗೆ ಬೇಕೆಂದರೆ ಆಮೇಲೆ ತಮ್ಮ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಪುಸ್ತಕ ಎಲ್ಲಿದೆ, ಬೀಗದಕೈ ಎಲ್ಲಿದೆ, ಯಾವ ಅಂಗಡಿಯಲ್ಲಿ ಕೊಂಡದ್ದು, ಯಾವ ಠಾಣೆಗೆ ಹೋಗಬೇಕು ಎಂಬ ನಾಲ್ಕು ಸಾಲನ್ನು ಬರೆದು ನಂಬಿಕೆಯ ಒಬ್ಬರ ಕೈಗೆ ಕೊಡಿ.